ರೊಟ್ಟಿ ಸರಿಸಿ ಬೆಣ್ಣೆ

ವಾರಕ್ಕೆ ಆರು ದಿನ ನಾನು ರೊಟ್ಟಿಯ ವಾಸನೆಯ ಮೇಲೆಯೇ ಬದುಕಿದ್ದೇನೆ. ಏಳನೆಯ ದಿನದ ಮಾತು ಆಮೇಲೆ. ಬಾಗಲಕೋಟೆಯ ಯಾವ ಓಣಿಯಲ್ಲಿ ಮುಂಜಾನೆ ನಡೆದರೂ ಒಂದಿಲ್ಲೊಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ನನ್ನ ಕಾಲುಗಳು ತಾವಾಗಿಯೇ ನಿಧಾನವಾಗುತ್ತವೆ. ಅರವತ್ತು ದಾಟಿದವನು ಮಂದಿಯ ಮನೆಯ ಕಿಟಕಿ ಮುಂದೆ ಮೂಗು ಅರಳಿಸಿ ನಿಲ್ಲುವುದು ಶೋಭೆಯಲ್ಲ ಎಂದು ಗೊತ್ತಿದೆ. ಮೂಗಿಗೆ ಗೊತ್ತಿಲ್ಲ.

ಇದಕ್ಕೆಲ್ಲ ಕಾರಣ ಕೆರೂರಿನಲ್ಲಿರುವ ನನ್ನ ನೀಲಕ್ಕ. ಎಂಟು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಬಗಲಲ್ಲಿಟ್ಟುಕೊಂಡು ಬೆಳೆಸಿದವಳು. ಈಗ ಅವಳಿಗೆ ಮರೆವು. ಮೊದಲು ಊರುಗಳ ಹೆಸರು ಹೋದವು, ಹಿಂದೆಯೇ ಮಂದಿಯ ಹೆಸರು. ಯುಗಾದಿಗೆ ಹೋದಾಗ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂದರ್ರಿ. ಯಾರ ಪೈಕಿ ನೀವು?" ಎಂದಳು. ಈರಣ್ಣನೆಂಬ ನನ್ನನ್ನು ಹುಟ್ಟಿದಾಗಿನಿಂದ 'ಈರ್ಯಾ' ಎಂದೇ ಕರೆದವಳು. ಮರ್ಯಾದೆ ಕೊಟ್ಟರೆ ಇಷ್ಟು ನೋಯುತ್ತದೆಂದು ಆವತ್ತೇ ತಿಳಿದದ್ದು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೆದರಿಕೆ ಹತ್ತಿತು. ಅಕ್ಕನದು ಹೋಯಿತು, ನನ್ನದೂ ಹೋದರೆ? ಇಬ್ಬರ ಬಾಲ್ಯಕ್ಕೆ ಸಾಕ್ಷಿ ಯಾರು? ಮೊಬೈಲಿನಲ್ಲಿ ಕೀಟೊ ಊಟದ ಮಹಿಮೆ ಓದಿಕೊಂಡು ದವಾಖಾನೆಗೆ ಹೋದೆ.

ಡಾಕ್ಟರಬಾಯಿ ಸಣ್ಣ ವಯಸ್ಸಿನವರು, ಸಮಾಧಾನಿ. "ಹಿಟ್ಟಿಂದು, ಸಕ್ರಿದು ಬಿಟ್ಟು ತುಪ್ಪ ಬೆಣ್ಣಿ ಮ್ಯಾಲ ಇದ್ರ ಮೈಯಾಗ ಕೀಟೋನ್ ಅಂತ ಹುಟ್ಟತಾವ್ರಿ, ಮಿದುಳು ಅದನ್ನ ಉರವಲ ಮಾಡ್ಕೋತೈತಿ. ದಿನಾ ನಡದ್ರ ಮಿದುಳಿಗೆ ಗೊಬ್ಬರ ಇದ್ದಂಗ ಒಂದು ಅಂಶ ರಕ್ತದಾಗ ಹೆಚ್ಚಾಗತೈತಿ ಅಂತಾರ. ಆದ್ರ ಮರವು ಬರಾಂಗಿಲ್ಲ ಅಂತ ನಾ ಬರದು ಕೊಡಾಂಗಿಲ್ಲ, ಇನ್ನೂ ನೋಡಾಕತ್ತಾರ. ನಡಿಯೂದು ನನ್ನ ಸಲಹಾ. ರೊಟ್ಟಿ ಬಿಡೂದು ನಿಮ್ಮ ಹಟ." ಆಗಾಗ ರಕ್ತ ತೋರಿಸಿಕೊಂಡು ಹೋಗಲೂ ಹೇಳಿದರು.

ಜೋಳ ತಿಂದವನು ತೋಳದಂತಾಗುತ್ತಾನೆ ಎಂದ ಹಿರಿಯರು, ಬರೀ ಬೆಣ್ಣೆ ತಿಂದವನು ಏನಾಗುತ್ತಾನೆಂದು ಹೇಳಿ ಹೋಗಲಿಲ್ಲ. ಶನಿವಾರ ತುಳಸಿಗೇರಿಯ ಗುಡಿಯ ದಾರಿ ಹಿಡಿದು ನಡೆಯುತ್ತೇನೆ. ಅರ್ಧಕ್ಕೆ ಬಸ್ಸು ಹತ್ತುತ್ತೇನೆಂಬುದು ಹನುಮಪ್ಪನಿಗೂ ನನಗೂ ಇರುವ ಒಳಒಪ್ಪಂದ. ಜೊತೆಗೆ ಬರುವ ನೆರೆಮನೆಯ ದರ್ಜಿ ಮೌಲಾಸಾಬನಿಗೆ ನಾನೊಂದು ವಿನೋದ. "ಹಣಮಪ್ಪಗ ಬೆಣ್ಣಿ ಮೈಗೆ ಹಚ್ಚತಾರ, ನೀವು ಹೊಟ್ಟಿಗೆ ಹಚಗೊಂಡೀರಿ. ಇನ್ನೊಂದು ತಿಂಗಳಿಗೆ ಬಾಲ ಬರತೈತಿ ನೋಡ್ರಿ."

ಬಾಲ ಬರಲಿಲ್ಲ, ಬುದ್ಧಿ ಬಂತು, ಅದೂ ವಕ್ರಬುದ್ಧಿ. ಒಣಗಿದ ಖಡಕ್ ರೊಟ್ಟಿಯಲ್ಲಿ ಸತ್ವವೆಲ್ಲ ಆರಿಹೋಗಿರುತ್ತದೆ, ತಿಂದರೆ ತಪ್ಪಿಲ್ಲ ಎಂದು ವಾದ ಹೂಡಿಕೊಂಡು ಬುಟ್ಟಿಗೆ ಕೈ ಹಾಕಿದೆ. ಆದರೆ ಖಡಕ್ ರೊಟ್ಟಿಯನ್ನು ಕದ್ದು ತಿಂದವರು ಲೋಕದಲ್ಲಿಲ್ಲ. ಮುರಿದ ಸದ್ದಿಗೆ ಹಿತ್ತಲಿನಿಂದಲೇ ಹೆಂಡತಿ, "ಕೀಟೋನ್ ಮುರಿಯಾಕತ್ತೀರೇನು?" ಎಂದಳು.

ಹೀಗಿರುವಾಗ ಒಂದು ಸಂತೆಯ ದಿನ ಕೆರೂರಿಗೆ ಹೋದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಹಿಟ್ಟು ನಾದಿ ಕೊಟ್ಟರೆ ಸಾಕು. ತಲೆ ಮರೆತದ್ದೆಷ್ಟೋ, ಕೈ ಒಂದನ್ನೂ ಮರೆತಿಲ್ಲ. ನನ್ನ ಗುರುತು ಹತ್ತಲಿಲ್ಲ. ಆದರೂ ಬಂದವರನ್ನು ಹಸಿವಿನಲ್ಲಿ ಕೂರಿಸುವ ಪೈಕಿಯವಳಲ್ಲ. ಬಿಸಿರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟು, "ಉಣ್ರಿ" ಎಂದಳು.

ನನ್ನ ಹಟ ನನಗೆ. ಕರಗುವ ಮೊದಲೇ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡು, ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿದೆ.

ಬಡಿಯುವ ಸದ್ದು ನಿಂತಿತು.

"ಈರ್ಯಾ," ಎಂದಳು ಅಕ್ಕ. "ಬೆಣ್ಣಿ ನೆಕ್ಕಿ ರೊಟ್ಟಿ ಮತ್ತ ನನಗ ಸರಸ್ತೀಯೇನು? ಅವ್ವ ಬರಲಿ ತಡಿ, ಹೇಳತೇನಿ."

ನಾನೇ ಮರೆತಿದ್ದೆ. ಬೆಣ್ಣೆ ಅಷ್ಟನ್ನೇ ನೆಕ್ಕಿ ಏಳುವ ಹುಡುಗ ನಾನು. ಅವ್ವನ ಬೈಗುಳ ತಪ್ಪಿಸಲು ನನ್ನ ಬರೀ ರೊಟ್ಟಿ ತಿಂದು ಮುಗಿಸುತ್ತಿದ್ದವಳು ಅವಳು. ಅಷ್ಟು ವರ್ಷ ಅದನ್ನು ಕಾಯ್ದಿಟ್ಟದ್ದು ಆ ಮರೆಗುಳಿ ತಲೆಯೇ.

"ಹೇಳಬ್ಯಾಡಕ್ಕಾ, ತಿಂತೇನಿ," ಎಂದು ಇಡೀ ರೊಟ್ಟಿ ತಿಂದೆ. ಉಪ್ಪು ಹಚ್ಚುವುದು ಬೇಕಾಗಲಿಲ್ಲ, ಕಣ್ಣೇ ಆ ಕೆಲಸ ಮಾಡಿತು. ಎರಡನೆಯದನ್ನು ಹಾಕುವಾಗ ಅಕ್ಕ, "ಸುಡತೈತ್ರಿ, ಸಾವಕಾಶ," ಎಂದಳು. ಅಷ್ಟರೊಳಗೆ ಮತ್ತೆ ಮರೆವಿನೊಳಗೆ ಹೋಗಿಬಿಟ್ಟಿದ್ದಳು.

ಡಾಕ್ಟರಬಾಯಿಗೆ ವರದಿ ಒಪ್ಪಿಸಿದೆ: ಊಟ ಗುಣ ಕೊಟ್ಟಿದೆ, ಆದರೆ ಬೆಣ್ಣೆ ತಿಂದವನು ನಾನು, ನೆನಪು ಬಂದದ್ದು ಅಕ್ಕನಿಗೆ. ಅವರು ನನ್ನ ರಕ್ತದ ಕಾಗದ ತಿರುಗಿಸಿ ನೋಡಿ, "ಇದರಾಗ ಅದನ್ನ ಬರಿಯಾಕ ಜಾಗಾ ಇಲ್ಲರಿ," ಎಂದು ನಕ್ಕರು.

ಈಗ ಪ್ರತಿ ಸಂತೆಗೆ ಕೆರೂರಿಗೆ ಹೋಗುತ್ತೇನೆ; ಅದೇ ನನ್ನ ಏಳನೆಯ ದಿನ. ಬೆಣ್ಣೆ ನೆಕ್ಕಿ, ರೊಟ್ಟಿ ಸರಿಸಿ, ಅವಳ ಮುಖ ನೋಡುತ್ತ ಕೂರುತ್ತೇನೆ. ಕೆಲವು ವಾರ 'ಈರ್ಯಾ' ಬರುತ್ತದೆ, ಬಿಸಿಯಿರುವಾಗಲೇ ತಿನ್ನುತ್ತೇನೆ. ಬಾರದ ವಾರ ರೊಟ್ಟಿ ಆರುವ ತನಕ ಕಾದು, ಆರಿದ್ದನ್ನೂ ತಿಂದೇ ಏಳುತ್ತೇನೆ. ನನ್ನ ಪಾಲಿನದನ್ನು ಅವಳು ತಿಂದದ್ದು ಸಾಕು.