ನಮ್ಮ ಮನೆಯವರ ಗೊರಕೆ

ಇವತ್ತು ಭಾನುವಾರ ಬೆಳಿಗ್ಗೆ ನನ್ನ ಮೂಗಿನ ಮಾಸ್ಕನ್ನೂ ಅದರ ಉದ್ದನೆಯ ಪೈಪನ್ನೂ ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆ ಒಣಹಾಕುವ ತಂತಿಯ ಮೇಲೆ ಇವರ ಪಂಚೆಯ ಪಕ್ಕ ನೇತುಹಾಕಿದ್ದೆ. ಒದ್ದೆ ಪ್ಲಾಸ್ಟಿಕ್ಕಿಗೆ ಒಂದು ಬಗೆಯ ಆಸ್ಪತ್ರೆಯ ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಕಾಂಪೌಂಡಿನಾಚೆಯಿಂದ ನೂರ್‌ಜಾನ್ ಇಣುಕಿದಳು. ಬಹಳ ವರ್ಷದ ನೆರೆಯವಳು, ಕಣ್ಣಿಗೆ ಬಿದ್ದದ್ದನ್ನು ಕೇಳದೆ ಬಿಡುವವಳಲ್ಲ.

"ಏನ್ರಿ ಟೀಚರಮ್ಮ, ಆನೆ ಸೊಂಡ್ಲು ಒಣಗಾಕೀರಾ?"

"ಸೊಂಡ್ಲಲ್ಲ ಕಣಮ್ಮ, ನನ್ನ ನಿದ್ದೆ. ಆಗಾಗ ತೊಳೀಬೇಕು."

ಅವಳು ನಕ್ಕು ಒಳಗೆ ಹೋದಳು. ನಾನು ಮಾತ್ರ ಆ ವಾಸನೆಯಲ್ಲಿ ನಿಂತೇ ಇದ್ದೆ. ಈ ಪೈಪು ಯಾರಿಗೆಂದು ಹುಡುಕಿಕೊಂಡು ಹೋಗಿ ಯಾರ ಮೂಗಿಗೆ ಬಿತ್ತು ಎಂಬುದನ್ನು ನಿಮಗೆ ಹೇಳಲೇಬೇಕು.

ನಮ್ಮ ಕಡೆ ಗೊರಕೆ ಎಂಬುದು ಗಂಡಸರ ಸ್ವತ್ತು. ಹೆಂಗಸರು ನಿದ್ದೆಯಲ್ಲಿ ಉಸಿರನ್ನು ಸ್ವಲ್ಪ ದೊಡ್ಡದಾಗಿ ಬಿಡುತ್ತಾರೆ, ಅಷ್ಟೆ. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಜಮಖಾನೆ ಹಾಸಿ ಸಾಲಾಗಿ ಮಲಗಿದಾಗ ಯಾವ ಮೂಲೆಯಿಂದ ಗುಡುಗು ಬಂದರೂ, ಬೆಳಿಗ್ಗೆ ದೂರು ಹೋಗುವುದು ಆಚೆ ಚಪ್ಪರದಲ್ಲಿ ಮಲಗಿದ್ದ ಯಾವುದೋ ಮಾವನ ಮೇಲೆ. ನಾನೂ ಇದೇ ಶಾಸ್ತ್ರದಲ್ಲಿ ಬೆಳೆದವಳು. ಹಾಗಾಗಿ ನಮ್ಮ ಮನೆಯಲ್ಲಿ ಗೊರಕೆ ಕೇಳಿಸಿದಾಗ ಅದು ಯಾರದೆಂದು ವಿಚಾರಣೆ ನಡೆಸುವ ಪ್ರಶ್ನೆಯೇ ಬರಲಿಲ್ಲ.

ಸಾಕ್ಷಿಯೂ ಇತ್ತೆನ್ನಿ. ಗೊರಕೆಯ ಸದ್ದಿಗೆ ನನಗೆ ಥಟ್ಟನೆ ಎಚ್ಚರವಾಗುತ್ತಿತ್ತು. ನಾನು ಕಣ್ಣು ಬಿಟ್ಟೊಡನೆ ಸದ್ದು ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಇವರು ಸೂರು ನೋಡುತ್ತ ಮಲಗಿರುತ್ತಿದ್ದರು. ಕಳ್ಳನ ಲಕ್ಷಣ ಇನ್ನು ಹೇಗಿರುತ್ತದೆ? "ಏನ್ರೀ ಅದು ಗೊರಕೆ" ಎಂದರೆ, "ತಪ್ಪಾತು ಕಣೆ, ಮಲ್ಕ" ಎನ್ನುತ್ತಿದ್ದರು. ಕಳ್ಳನೇ ಒಪ್ಪಿಕೊಂಡ ಮೇಲೆ ನನಗೇನು ಅನುಮಾನ?

ಇವರದು ದುರ್ಗದ ಪೇಟೆಯಲ್ಲಿ ಕಂಬಳಿ ಅಂಗಡಿ. ಮಾತು ಕಡಿಮೆ; ಗಿರಾಕಿಗಳು ಚೌಕಾಸಿ ಮಾಡಿ ಮಾಡಿ ಸುಸ್ತಾಗಿ ತಾವೇ ಒಂದು ಬೆಲೆಗೆ ಬರಬೇಕು. ಕೊನೆಗೊಂದು ದಿನ ನಾನು ಇವರ ಹಾಸಿಗೆಯನ್ನು ಪಡಸಾಲೆಗೆ ಹಾಕಿದೆ. ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಎದುರು ಮಾತಿಲ್ಲದೆ ಹೋದರು. ಆದರೂ ಗೊರಕೆ ನಿಲ್ಲಲಿಲ್ಲ. ಗೋಡೆ ದಾಟಿ, ಮುಚ್ಚಿದ ಬಾಗಿಲು ದಾಟಿ, ಮೊದಲಿನಷ್ಟೇ ಜೋರಾಗಿ ಬಂದು ನನ್ನನ್ನು ಎಬ್ಬಿಸುತ್ತಿತ್ತು. ಎಂಥ ಗಂಟಲು ಈ ಮನುಷ್ಯನದು ಎಂದು ಒಳಗೊಳಗೇ ಮೆಚ್ಚಿಕೊಂಡೆ. ಸಾಲದ್ದಕ್ಕೆ ಇವರಿಗೆ ಹೊಸದಾಗಿ ಕೆಮ್ಮು ಶುರುವಾಯಿತು. ಹಗಲು ಸುಳಿವೇ ಇಲ್ಲ, ರಾತ್ರಿ ಮಾತ್ರ. ಮೆಣಸು, ಹಿಪ್ಪಲಿ, ಆಡುಸೋಗೆ ಹಾಕಿ ಕಷಾಯ ಕುದಿಸಿ ಲೋಟ ತುಂಬ ಕೊಟ್ಟೆ. ಮುಖ ಕಿವುಚಿಕೊಂಡು ಕುಡಿದರು. ರಾತ್ರಿ ಮತ್ತೆ ಕೆಮ್ಮಿದರು.

ಇಂಥ ಗಂಡನ ಜೊತೆ ಬಾಳಿದರೆ ಹಗಲು ತೂಕಡಿಕೆ ಬಾರದೆ ಇರುತ್ತದೆಯೇ? ಆಗ ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕೆಲಸದಲ್ಲಿದ್ದೆ. ಬೆಳಿಗ್ಗೆ ಎದ್ದರೆ ತಲೆನೋವು, ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಲೇ ಕಣ್ಣು ಎಳೆಯುವುದು. ಒಂದು ಸಂಜೆ ಮನೆಗೆ ಬರಲು ಬಸ್ಸು ಹತ್ತಿದವಳಿಗೆ ಕಣ್ಣು ಬಿಟ್ಟಾಗ ಸುತ್ತ ತೆಂಗಿನಕಾಯಿ ಚೀಲಗಳು ಕಂಡವು.

"ಮೇಡಮ್ಮಾರೆ, ಇಳೀರಿ. ಹಿರಿಯೂರು ಬಂತು" ಎಂದ ಕಂಡಕ್ಟರ್.

"ದುರ್ಗದಲ್ಲಿ ಎಬ್ಬಿಸಬಾರದೇನಪ್ಪ?"

"ಎಬ್ಬಿಸಿದ್ವಿ. ಹಿಂದಿನ ಸೀಟ್ನೋರೂ ಎಬ್ಬಿಸಿದ್ರು. ನಿಮ್ಮ ಗೊರಕೆ ಮುಂದೆ ನಮ್ಮ ಕೂಗು ಎಲ್ಲಿ ಕೇಳ್ತೈತೆ?"

ನನಗೆ ಸಿಟ್ಟು ನೆತ್ತಿಗೇರಿತು. "ಗೊರಕೆ ನಂದಲ್ಲ, ನಮ್ಮ ಮನೆಯವರದು" ಎಂದೆ. ಅವನು ಖಾಲಿ ಬಸ್ಸನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

ಅದೇ ವಾರ ಇವರನ್ನು ದುರ್ಗದ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರ ಗೊರಕೆಯ ಇತಿಹಾಸವನ್ನೆಲ್ಲ ನಾನೇ ಹೇಳಿದೆ. ಆಕೆ ಇವರ ಗಂಟಲಿಗೆ ಟಾರ್ಚು ಬಿಟ್ಟು ನೋಡತೊಡಗಿದರು. ಪಕ್ಕದ ಕುರ್ಚಿ ಮೆತ್ತಗಿತ್ತು, ಫ್ಯಾನಿನ ಗಾಳಿ ಹಿತವಾಗಿತ್ತು. ಆಮೇಲೆ ನನಗೆ ಗೊತ್ತಾದದ್ದು ಇವರು ಜೋರಾಗಿ ಕೆಮ್ಮಿದ್ದು. ಬೆಚ್ಚಿ, ನೀರಿನಿಂದ ಮೇಲೆದ್ದವಳ ಹಾಗೆ ಉಸಿರು ಎಳೆದುಕೊಂಡೆ. ನನ್ನ ಕಣ್ಣು ಇನ್ನೂ ಮುಚ್ಚಿತ್ತು. ಇಬ್ಬರ ಮಾತು ಕೇಳಿಸುತ್ತಿತ್ತು.

"ರಾತ್ರಿನೂ ಹೀಗೇನಾ? ಉಸಿರು ನಿಂತು ನಿಂತು ಹೋಗುತ್ತಾ?"

"ಹೂಂ ಡಾಕ್ಟ್ರೆ. ನಿಂತಾಗ ನಾನು ಆಚೆಯಿಂದ ಕೆಮ್ತೀನಿ. ಗಾಬ್ರಿ ಬಿದ್ದು ಮತ್ತೆ ಶುರು ಮಾಡ್ತಾಳೆ."

"ನೀವು ಯಾವಾಗ ಮಲಗ್ತೀರಿ?"

"ಅಂಗಡೀಲಿ ಆಗಾಗ ಕಣ್ಮುಚ್ತೀನಿ. ಕಂಬಳಿ ಅಂಗ್ಡಿ ಅಲ್ವ, ಮೆತ್ತಗಿರ್ತೈತೆ."

ಉಸಿರು ಹೀಗೆ ನಿಲ್ಲುವುದು ಆಟವಲ್ಲ, ಹೃದಯಕ್ಕೆ ಪೆಟ್ಟು, ಇಷ್ಟು ದಿನ ಬಿಡಬಾರದಿತ್ತು ಎಂದು ಡಾಕ್ಟರು ಗದರಿದರು. ನನಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ಆ ಕಷಾಯದ ಲೋಟಗಳೆಲ್ಲ ಒಟ್ಟಿಗೆ ನೆನಪಾಗಿ ಅಳು ಬಂತು. ಹೊರಗೆ ಬಂದ ಮೇಲೆ, "ಗೊರಕೆ ನಿಂದು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಜಗಳಕ್ಕೇ ನಿಂತೆ.

"ಹೇಳಿದ್ರೆ ನಾಚ್ಕೆಗೆ ನೀನು ಮಲಗ್ತಿರಲಿಲ್ಲ ಕಣೆ" ಎಂದರು. "ನಂದೇನು, ಗಂಡಸು. ಹೆಸರು ಕೆಟ್ರೂ ನಡೀತೈತೆ. ಹೋಗಾಣ ನಡಿ, ಬಸ್ಸು ಬಂತು."

ಮುಂದಿನದು ಪೂರಾ ಫಜೀತಿ. ಅಂಗಾತ ಮಲಗಬೇಡಿ, ಬೆನ್ನಿಗೆ ಚೆಂಡು ಕಟ್ಟಿಕೊಳ್ಳಿ ಎಂದಿದ್ದರು ಡಾಕ್ಟರು. ಮನೆಯಲ್ಲಿ ಚೆಂಡಿರಲಿಲ್ಲ, ಇವರು ಒಂದು ಕೊಬ್ಬರಿ ಗಿಟುಕನ್ನು ಕಂಬಳಿ ಚೂರಿನಲ್ಲಿ ಸುತ್ತಿ ಕಟ್ಟಿದರು. ರಾತ್ರಿಯೂಟಕ್ಕೆ ಎರಡನೆಯ ಮುದ್ದೆ ನಿಂತಿತು, ಅದರ ದುಃಖ ಇನ್ನೂ ಇದೆ. ಮೈಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಮೇಲೆ ಈ ಗಾಳಿ ಮಿಷನ್ನು ಬಂತು. ಮೊದಮೊದಲು ಮಾಸ್ಕು ಕಿತ್ತೆಸೆದೆ. ಇವರು ಬೈಯದೆ ಮತ್ತೆ ತೊಡಿಸಿದರು. ಹಗಲು ಟಿವಿ ನೋಡುವಾಗ ಹಾಕಿಕೊಂಡು ಅಭ್ಯಾಸ ಮಾಡಿದೆ. ಆಮೇಲೊಂದು ಬೆಳಿಗ್ಗೆ ತಲೆನೋವಿಲ್ಲದೆ ಎದ್ದೆ. ಬೆಳಗು ಇಷ್ಟು ಹಗುರವಾಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಅವತ್ತೇ ಇವರ ಹಾಸಿಗೆಯನ್ನು ಒಳಗೆ ತಂದು ಹಾಕಿದೆ.

ಕಾವಲು ತಪ್ಪಿದ ಮೇಲೆ ಇವರು ನಿಜವಾಗಿ ಮಲಗಲು ಕಲಿತರು. ನಿನ್ನೆ ರಾತ್ರಿ ಮಿಷನ್ನಿನ ಸಣ್ಣ ಸದ್ದಿನ ನಡುವೆ ನನಗೆ ಎಚ್ಚರವಾಯಿತು. ಇವರು ಗೊರಕೆ ಹೊಡೆಯುತ್ತಿದ್ದರು. ಅನುಮಾನವೇ ಇಲ್ಲ, ಸ್ವಂತದ್ದು. ನಡುವೆ ಎಲ್ಲಾದರೂ ನಿಲ್ಲುತ್ತದೆಯೇ ಎಂದು ಬಹಳ ಹೊತ್ತು ಕಿವಿಗೊಟ್ಟು ಕೇಳಿದೆ. ನಿಲ್ಲಲಿಲ್ಲ. ಎಬ್ಬಿಸಲು ಮನಸ್ಸಾಗದೆ ಹಾಗೇ ನಿದ್ದೆ ಹೋದೆ.

ತಂತಿಯ ಹತ್ತಿರದಿಂದ ಒಳಗೆ ಬಂದರೆ, ನಿನ್ನೆ ರಾಮಗಿರಿಯಿಂದ ಬಂದು ಪಡಸಾಲೆಯಲ್ಲಿ ಮಲಗಿದ್ದ ನನ್ನ ನಾದಿನಿ ಅಣ್ಣನ ಎದುರು ಉಪ್ಪಿಟ್ಟಿಗೆ ಕೂತಿದ್ದಳು.

"ಏನತ್ತಿಗೆ, ಮಿಷನ್ನು ಹಂಗೈತೆ ಹಿಂಗೈತೆ ಅಂತಿದ್ರಿ. ರಾತ್ರಿಯೆಲ್ಲ ಗೊರಕೆ ಪಡಸಾಲೆ ತನಕ ಬರ್ತಿತ್ತಲ್ಲ. ಪಾಪ ನಮ್ಮಣ್ಣ, ಹೆಂಗೆ ಮಲಗ್ತಾನೋ."

ಇವರ ಕೈ ತಟ್ಟೆಯಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದರು.

"ಪೈಪು ಸಡಿಲಾಗಿತ್ತು ಕಣಮ್ಮ" ಎಂದೆ ನಾನು. "ಗೊರಕೆ ನಂದೇ."

ಇವರು ತೆರೆದ ಬಾಯಿಗೆ ಒಂದು ತುತ್ತು ಉಪ್ಪಿಟ್ಟು ಹಾಕಿಕೊಂಡು ತಲೆ ತಗ್ಗಿಸಿದರು. ಕಿವಿ ಮಾತ್ರ ಕೆಂಪಗಾಗಿತ್ತು.