ಎರಡನೇ ಕ್ಯಾಮೆರಾದಲ್ಲಿ ದೊಡ್ಡಮ್ಮ

ಹೋದ ವಾರ ತುಮಕೂರಿನ ನಮ್ಮ ಮನೆಗೆ ಕ್ಯಾಮೆರಾ ಹಾಕಿಸಿದೆವು. ಹಾಕಿದವರು ಟಿವಿ ಪಕ್ಕ ಒಂದು ಕಪ್ಪು ಡಬ್ಬಿ ಇಟ್ಟು, ನನ್ನ ಕೈಗೆ ಮೌಸ್ ಕೊಟ್ಟು, "ಹಿಂದಿಂದು ನೋಡ್ಬೇಕಾದ್ರೆ ಹಿಂಗೆ ಸಾರ್" ಎಂದು ತೋರಿಸಿ ಹೋದರು. ಅವರು ಬೀದಿ ದಾಟುವ ಮೊದಲೇ ನಾನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡತೊಡಗಿದ್ದೆ. ಪರದೆಯ ಮೇಲೆ ಒಂದು ಬೋಳುತಲೆ ಹಾದುಹೋಯಿತು. ಯಾರಪ್ಪಾ ಇದು ಎಂದು ನಿಲ್ಲಿಸಿದರೆ, ನನ್ನದೇ! ಸ್ವಾಮಿ, ಕನ್ನಡಿಯನ್ನು ಪೂರ್ತಿ ನಂಬಬೇಡಿ; ಅದು ಎದುರಿಗಿರುವುದನ್ನಷ್ಟೇ ತೋರಿಸುತ್ತದೆ. ಒಬ್ಬನೇ ಕೂತು ನಕ್ಕೆ. ನಗುತ್ತಿದ್ದ ಹಾಗೆಯೇ ಗುಬ್ಬಿಯ ಒಂದು ಮಧ್ಯಾಹ್ನ ನೆನಪಾಯಿತು.

ನಾಲ್ಕು ವರ್ಷದ ಹಿಂದಿನ ಮಾತು. ಗುಬ್ಬಿಯ ಕಲ್ಯಾಣಮಂಟಪದಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗಳ ಮದುವೆ. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ನಾನು ಮಾತು ಕಲಿತದ್ದೇ ಅವಳ ಸೊಂಟದ ಮೇಲೆ ಕೂತು. ಬೈಗುಳ ಕಲಿತದ್ದೂ ಅಲ್ಲೇ. ಅವಳಿಗೆ ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗ ಗುರುಗಳು ಕೊಟ್ಟ ಲಿಂಗ ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಲ್ಲಿ, ಅವಳ ಎದೆಯ ಮೇಲೆ ಯಾವಾಗಲೂ ಇರುತ್ತದೆ. ಕೂತರೆ, ಎದ್ದರೆ, ಆಕಳಿಸಿದರೂ ಸರಿ, "ಶಿವನೇ" ಎಂದು ಬಲಗೈ ಆ ಕರಡಿಗೆಗೆ ಹೋಗಿ ಕಣ್ಣಿಗೆ ಒತ್ತಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ನಾವು ಮಕ್ಕಳೆಲ್ಲ ಇದನ್ನು ಅಣಕಿಸಿ ತಲೆಗೆ ಮೊಟಕಿಸಿಕೊಂಡಿದ್ದೇವೆ.

ಮದುವೆಯ ದಿನ ಬಾಗಿಲ ಹತ್ತಿರ ತಾಂಬೂಲ ಹಂಚುವ ಕೆಲಸ ನಮ್ಮಿಬ್ಬರದು. ಅವಳು ಬಗ್ಗಿ ಚೀಲಕ್ಕೆ ಕಾಯಿ ತುಂಬುವುದು, ನಾನು ಹೋಗುವವರ ಕೈಗೆ ಕೊಡುವುದು. ನೆಂಟರೆಲ್ಲ ಹೋದ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂತೆವು. ಎಲೆಗೆ ಅನ್ನ ಬಿದ್ದಿತ್ತು. ದೊಡ್ಡಮ್ಮ ರೂಢಿಯಂತೆ ಎದೆಗೆ ಕೈ ಒಯ್ದಳು. ಕೈ ಅಲ್ಲೇ ನಿಂತಿತು.

"ಲಿಂಗ ಇಲ್ಲ ಕಣೋ."

ಎಲೆ ಬಿಟ್ಟು ಎದ್ದಳು. ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಬೆಳಗ್ಗೆ ಆರಕ್ಕೆ ಮಾತ್ರೆಯ ಮೇಲೆ ಎರಡು ಇಡ್ಲಿ ತಿಂದದ್ದೇ ಕೊನೆ. "ಒಂದು ಲೋಟ ಮಜ್ಜಿಗೆನಾದ್ರೂ" ಎಂದೆ. "ಲಿಂಗ ಬರೋಗಂಟ ನೀರೂ ಬ್ಯಾಡ, ಬುಡು" ಎಂದಳು. ಅವಳು ಹಾಗೆಂದರೆ ಹಾಗೇ. ಯಾರೋ ಎಲೆ ಎತ್ತುವ ಹೆಂಗಸರ ಕಡೆ ನೋಡಿ, ಬೆಳ್ಳಿ ಅಲ್ವಾ, ಎಂದರು. ದೊಡ್ಡಮ್ಮ ಅಲ್ಲೇ ಗದರಿದಳು: "ಬಾಯ್ ಮುಚ್ಚು. ಬೆಳ್ಳಿ ಯಾರಿಗ್ ಬೇಕು? ಕಳ್ಕೊಂಡೋಳು ನಾನು."

ನೆಲವೆಲ್ಲ ಹುಡುಕಿದ ಮೇಲೆ ಮಂಟಪದ ಮ್ಯಾನೇಜರ್ ರೇಣುಕಪ್ಪನವರ ಕೋಣೆಗೆ ಹೋದೆವು. ಅಲ್ಲೊಂದು ಟಿವಿ, ಅದರಲ್ಲಿ ನಾಲ್ಕು ಚೌಕ. ಬಾಗಿಲದ್ದು ಎರಡನೇ ಕ್ಯಾಮೆರಾ. ನಾವು ಊಟಕ್ಕೆ ಕೂತದ್ದು ನನ್ನ ಕೈಗಡಿಯಾರದಲ್ಲಿ ಮೂರಕ್ಕೆ ಎಂದು ಹೇಳಿ ಮೂರಕ್ಕೆ ಹಾಕಿಸಿದರೆ, ಅಲ್ಲಿ ನಾವಿಬ್ಬರೂ ಇನ್ನೂ ತಾಂಬೂಲ ಹಂಚುತ್ತಿದ್ದೇವೆ! ನನ್ನ ನೆನಪಿನ ಮೇಲೇ ನನಗೆ ಅನುಮಾನ ಬಂತು. ರೇಣುಕಪ್ಪನವರು ನಾಲಿಗೆ ಕಚ್ಚಿಕೊಂಡರು.

"ಇದು ಅರ್ಧ ಗಂಟೆ ಮುಂದೆ ಸಾರ್. ಮುಹೂರ್ತಕ್ಕೆ ಯಾರೂ ಲೇಟಾಗ್ಬಾರ್ದು ಅಂತ ಗೋಡೆ ಗಡಿಯಾರ ಮುಂದಿಟ್ವಿ. ಇದ್ಯಾಕ್ ಸುಮ್ನೆ ಅಂತ ಇದನ್ನೂ ಇಟ್ವಿ."

ಊಟದ ಮನೆಯ ಕ್ಯಾಮೆರಾವನ್ನೂ ಓಡಿಸಿದರು. ಜನ ಇರುವೆಗಳ ಹಾಗೆ ಹರಿದಾಡಿದರು. "ಸಾರ್, ಮೊದಲ್ನೇ ಪಂಕ್ತೀಲೂ ನೀವೇ, ಮೂರನೇದ್ರಲ್ಲೂ ನೀವೇ ಅಲ್ವಾ?" ಎಂದರು ರೇಣುಕಪ್ಪ. "ಅದನ್ನ ಬೇಗ ಮುಂದಕ್ಕೆ ಓಡ್ಸಿ" ಎಂದೆ. ಅಂಥ ಹೊತ್ತಿನಲ್ಲೂ ದೊಡ್ಡಮ್ಮ, "ಅದಕ್ಕೇ ಹೊಟ್ಟೆ ಹಂಗಿದೆ" ಎಂದಳು.

ಕರಡಿಗೆ ಸೆರಗಿನೊಳಗೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ಆದರೆ ಕೈ ಕಾಣುತ್ತದಲ್ಲ? ಆ ಮಾತು ಹೊಳೆದದ್ದೇ, ಬಾಗಿಲಿನ ಕ್ಯಾಮೆರಾವನ್ನು ಮತ್ತೆ ಹಿಂದಕ್ಕೆ ಓಡಿಸಿ ಅವಳ ಬಲಗೈಯನ್ನಷ್ಟೇ ನೋಡುತ್ತ ಕೂತೆ. ಒಂದು ಕಡೆ ಬೆನ್ನು ನೆಟ್ಟಗೆ ಮಾಡಿದಾಗ ಕೈ ಎದೆಗೆ ಹೋಗಿ ಕಣ್ಣಿಗೆ ಬಂತು. ಆಮೇಲೆ ಜನ ನುಗ್ಗಿದರು. ಎರಡು ಕೈಗೂ ಬಿಡುವಿಲ್ಲ. ಹಾಗಾದರೆ ಹೋದದ್ದು ಅದರ ನಂತರವೇ. ನಿಧಾನಕ್ಕೆ ಬಿಟ್ಟೆವು. ಕಾಯಿ ಒತ್ತಿ ತುಂಬಲು ಬಗ್ಗಿದಾಗ ಅವಳ ಕೊರಳಿಂದ ಒಂದು ದಾರ ಜಾರಿ, ಏನೋ ತೂಗಿ, ಚೀಲದೊಳಕ್ಕೆ ಹೋಯಿತು. ಮರುಕ್ಷಣ ಯಾರೋ ಒಬ್ಬ ಪ್ರಾಣಿ ಪಕ್ಕದವರ ಹತ್ತಿರ ಹಲ್ಲು ಕಿರಿಯುತ್ತ, ಚೀಲದ ಕಡೆ ನೋಡದೆ, ಅದನ್ನೆತ್ತಿ ಒಬ್ಬರ ಕೈಗೆ ಕೊಟ್ಟಿತು. ಆ ಪ್ರಾಣಿ ನಾನೇ.

ಕೊಟ್ಟದ್ದು ಯಾರಿಗೆ? ಮೇಲಿನಿಂದ ಬರೀ ನೆತ್ತಿ ಕಾಣುತ್ತದೆ. ನಾನು ಮೂರು ಹೆಸರು ಹೇಳಿದೆ, ಮೂರೂ ತಪ್ಪು. ದೊಡ್ಡಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ತಲೆ ಬುಡ್ಲಾ, ನಡಿಗೆ ನೋಡು. ಎಡಗಾಲು ಒಸಿ ಎಳೀತಾನೆ. ಕುಣಿಗಲ್ ಬಸಣ್ಣ ಕಣೋ ಅವ್ನು."

ಬಸಣ್ಣಮಾವ ಅವಳ ಚಿಕ್ಕಪ್ಪನ ಮಗ. ಫೋನು ಎರಡು ಸಲ ಸುಮ್ಮನೆ ಬಡಿದುಕೊಂಡಿತು. ಮೂರನೆಯ ಸಲ ಎತ್ತಿದರು, ಹಿಂದೆ ಬಸ್ಸಿನ ಸದ್ದು. ವಿಷಯ ಹೇಳಿದೆ.

"ಇರಪ್ಪಾ, ನೋಡ್ತೀನಿ. ಕಾಯಿ... ಎಲೆ ಅಡಿಕೆ... ಬಾಳೆಹಣ್ಣು..." ಚೀಲ ಕೆದಕುವ ಸದ್ದು. "ಶಿವಶಿವಾ! ಇದೆ ಕಣಪ್ಪಾ, ಇದೆ! ಹೆಬ್ಬೂರಲ್ಲಿ ಇಳ್ಕೊಂತೀನಿ. ಅಕ್ಕ ಬರೋಗಂಟ ನಾನೂ ನೀರು ಮುಟ್ಟಲ್ಲ ಅಂತ ಹೇಳು."

ದಾರಿಯಲ್ಲಿ, "ಸಿಕ್ತಲ್ಲ ದೊಡ್ಡಮ್ಮ, ಒಂದು ಗುಟುಕು ಕುಡಿ" ಎಂದೆ. ಅವಳು ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. "ಸಿಕ್ಕಿರೋದು ಅವ್ನ ಕೈಗೆ. ನೀನು ಕಾರು ಓಡ್ಸು." ತುಮಕೂರು ದಾಟುವಾಗ ಪ್ರತಿ ಸಿಗ್ನಲ್ಲಿಗೂ ನಾನು ಬೈದೆ.

ಹೆಬ್ಬೂರಿನಲ್ಲಿ ಬಸಣ್ಣಮಾವ ರಸ್ತೆಬದಿಯ ಕಟ್ಟೆಯ ಮೇಲೆ, ಅಂಗೈಯಲ್ಲಿ ಕರಡಿಗೆ ಹಿಡಿದು, ಅಲುಗಾಡದೆ ಕೂತಿದ್ದರು. "ತಗೊಳಕ್ಕಾ. ನನ್ನ ಕೈ ಮರಗಟ್ಟೋಯ್ತು" ಎಂದರು. ದೊಡ್ಡಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡು, ನಮ್ಮತ್ತ ಬೆನ್ನು ಮಾಡಿದಳು. ದಾರಕ್ಕೆ ಗಂಟು ಹಾಕಿ ಕಟ್ಟಿಕೊಂಡು, ತಿರುಗಿ, "ನೀರು ಕೊಡ್ಲಾ" ಎಂದಳು. ಅರ್ಧ ಬಾಟಲಿ ಒಂದೇ ಉಸಿರಿಗೆ ಕುಡಿದು ಉಳಿದದ್ದನ್ನು ತಮ್ಮನಿಗೆ ಚಾಚಿದಳು. ಅವರು ತಾಂಬೂಲದ ಬಾಳೆಹಣ್ಣು ಸುಲಿದು ಅಕ್ಕನ ಕೈಗಿಟ್ಟರು. ನಾನು ಕಾರಿಗೆ ಒರಗಿಕೊಂಡೆ.

ಹೋದ ವಾರ ಇದೆಲ್ಲ ನೆನಪಾದದ್ದೇ ಟಿವಿ ಆರಿಸಿ ಗುಬ್ಬಿಗೆ ಫೋನು ಮಾಡಿದೆ. "ಊಟ ಆಯ್ತಾ ದೊಡ್ಡಮ್ಮ?" ಎಂದೆ. ನಾವೆಲ್ಲ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ; ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ಹೋಗಿಬಿಡುತ್ತೇವೆ. ನಾನೀಗ ಕಾಯುತ್ತೇನೆ.

"ಆಯ್ತು ಕಣೋ. ಮುದ್ದೆ, ಅವರೆಕಾಳು ಸಾರು. ಎರಡನೇ ಸಲಾನೂ ಬಡಿಸ್ಕೊಂಡೆ."