ಮಾಬುಬಿಯ ಬೂಷ್ಟು

ಮಾಬುಬಿಯನ್ನು ನಾನು ಮೊದಲು ನೋಡಿದ್ದು ೧೯೮೩ರ ಶ್ರಾವಣದಲ್ಲಿ, ಇಳಕಲ್ಲಿನ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಬಾಗಿಲಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಸೆರಗಿನಲ್ಲಿ ಸುತ್ತಿದ ಏನನ್ನೋ ಎದೆಗೊತ್ತಿ ಹಿಡಿದಿದ್ದಳು. ಬೆರಳ ತುದಿಗಳು ತೇಜಾಬಿನ ಆಮ್ಲದಿಂದ ಹಳದಿಯಾಗಿದ್ದವು. ಮೇಜಿನ ಮೇಲೆ ಬಿಚ್ಚಿದಾಗ ಕಂಡದ್ದು ರೊಟ್ಟಿಯಗಲದ ಬೂಷ್ಟಿನ ಪದರು. ಬದನೆ ಹೂವಿನ ಬಣ್ಣ.

“ಇದು ಕಳವಿನ ಮಾಲ ಅಲ್ಲಂತ ಒಂದು ಚೀಟಿ ಬರದು ಕೊಡ್ರಿ ಸರ.”

“ಬೂಷ್ಟ ಯಾರು ಕದೀತಾರವ್ವಾ?”

“ಸುಟ್ಟರ ಬಂಗಾರ ಬರತೈತ್ರಿ. ಅದಕ್ಕ ಬಂದೇನಿ.”

ಅಕ್ಕಸಾಲಿಗ ಪತ್ತಾರರ ಓಣಿಯ ಧೂಳು ಗುಡಿಸಿ, ತೊಳೆದು, ಬಂಗಾರದ ಹುಡಿ ತೆಗೆಯುವುದು ಅವಳ ಕಸುಬು. ಅವರು ಬಂಗಾರ ಶುದ್ಧಮಾಡಿ ಚೆಲ್ಲುವ ತೇಜಾಬಿನ ನೀರನ್ನೂ ಒಯ್ಯುತ್ತಿದ್ದಳು. ಒಮ್ಮೆ ಹಳೆಯ ಬೆಲ್ಲದ ನೀರಿನ ಮೇಲೆ ಬೆಳೆದ ಬೂಷ್ಟು ಅದರಲ್ಲಿ ಬಿದ್ದು, ಮರುದಿನ ನೇರಳೆಯಾಗಿತ್ತಂತೆ. ಸುಟ್ಟರೆ ಬೂದಿಯಲ್ಲಿ ಬಂಗಾರವಿತ್ತಂತೆ. ಐದಾರು ಸಲ ಹಾಗೇ ಮಾಡಿ, ಕೂಡಿಸಿ ಮಾರಲು ಹೋದಾಗ ಮೋನಪ್ಪ ಪತ್ತಾರ ತಡೆದಿದ್ದ. ಧೂಳಿನಲ್ಲಿ ಇಷ್ಟು ಬರುವುದಿಲ್ಲ, ಕದ್ದದ್ದೇ ಇರಬೇಕು. ಕಾಲೇಜಿನ ಮಾಸ್ತರರಿಂದ ಚೀಟಿ ತರದಿದ್ದರೆ ಓಣಿಗೆ ಕಾಲಿಡಕೂಡದು ಎಂದಿದ್ದ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಸುಳ್ಳಿಗೆ ಸಹಿ ಹಾಕಲು ಭಯವಿತ್ತು. ಅವಳನ್ನು ನಂಬಲಿಲ್ಲ. ಮೋನಪ್ಪ, ಮಾಬುಬಿ ಇಬ್ಬರ ಕಣ್ಣೆದುರೇ ಬೆಲ್ಲದ ನೀರಿಟ್ಟು ಹೊಸ ಬೂಷ್ಟು ಬೆಳೆಸಿದೆ, ಕುದಿಸಿದೆ, ಒಣಗಿಸಿದೆ. ಮೋನಪ್ಪನೇ ತಂದ ತೇಜಾಬಿನ ನೀರಿನಲ್ಲಿ ಅದನ್ನು ಹಾಕಿ ಕಪಾಟಿಗೆ ಬೀಗ ಜಡಿದೆ. ಬೀಗಕ್ಕೆ ಅವನು ಅರಗು ಒತ್ತಿದ.

“ಏನ್ರಿ ಮಾಸ್ತರ, ಕುದಿಸಿ ಕೊಂದೀರಿ. ಸತ್ತದ್ದು ಬಂಗಾರ ತಿಂತೈತೇನ್ರಿ?” ಎಂದು ನಕ್ಕ.

“ತಿನ್ನೂದಿಲ್ರಿ, ಹಿಡಕೋತೈತಿ,” ಎಂದಳು ಮಾಬುಬಿ.

ಮೂರನೆಯ ದಿನ ಬೀಗ ತೆಗೆದಾಗ ಸತ್ತ ಬೂಷ್ಟೂ ನೇರಳೆಯಾಗಿತ್ತು. ಸುಟ್ಟ ಬೂದಿಯನ್ನು ಮೋನಪ್ಪನೇ ಮೂಸೆಯಲ್ಲಿ ಕರಗಿಸಿ ಒರೆಗೆ ಹಚ್ಚಿದ. ಹಳದಿ ಗೆರೆ ಮೂಡಿತು. ಈ ಸಲ ಅವನು ನಗಲಿಲ್ಲ. ನಾನು ಚೀಟಿ ಬರೆದು, ಠಸ್ಸೆ ಒತ್ತಿ ಕೊಟ್ಟೆ.

ಮರುವಾರ ಅವಳು ಅದನ್ನು ಮರಳಿ ತಂದಳು.

“ಕಳ್ಳಿ ಅಂತ ಈಗ ಯಾರೂ ಅನ್ನೂದಿಲ್ರಿ. ತೇಜಾಬಿನ ನೀರೂ ಯಾರೂ ಕೊಡೂದಿಲ್ಲ. ಮೋನಪ್ಪನ ಹಿತ್ತಲದಾಗ ಬೆಲ್ಲದ ನೀರಿನ ಗಡಿಗಿ ಇಟ್ಟಾರ. ಯಾರು ಕಲಿಸ್ಯಾರ್ರಿ ಅವಗ?”

ಚೀಟಿಯನ್ನು ಮೇಜಿನ ಮೇಲಿಟ್ಟು ಹೋದಳು.

ಆಮೇಲೆ ಮಾಬುಬಿ ಹುನಗುಂದ, ಬಾದಾಮಿಯ ಫೋಟೋ ಸ್ಟುಡಿಯೋದವರು ಫೋಟೋ ತೊಳೆದು ಚೆಲ್ಲುವ, ಬೆಳ್ಳಿ ಕರಗಿದ ನೀರನ್ನು ಬಸ್ಸಿನಲ್ಲಿ ತಂದು ಬೂಷ್ಟಿನಿಂದ ಬೆಳ್ಳಿ ತೆಗೆಯತೊಡಗಿದಳು. ಗಡಿಗೆಗಳಿದ್ದ ಕೋಣೆಗೆ ನನ್ನನ್ನು ಬಿಡುತ್ತಿರಲಿಲ್ಲ.